ಆ ಮೇಜಿನಿಂದ ಶುರು ಮಾಡಿ

ನಮಸ್ಕಾರ,

ನಿಮ್ಮ 'ಇಂಗ್ಲಿಷರು ಅಂದರೆ ಯಾರು?' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪತ್ರಿಕೆಯಲ್ಲಿ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಲು ಮನಸ್ಸು ಬರಲಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ತೊಡಕು. ಒಂದು ಸಾಲಿನಲ್ಲಿ 'ಇಂಗ್ಲಿಷರು' ಅಂತೀರಿ, ಮುಂದಿನ ಸಾಲಿನಲ್ಲಿ 'ಬ್ರಿಟಿಷರು'. ಇಂಗ್ಲೆಂಡ್ ಬ್ರಿಟನ್ನಿನ ಒಂದು ಭಾಗ ಅಷ್ಟೇ, ಸ್ಕಾಟ್ಲೆಂಡ್, ವೇಲ್ಸ್ ಬೇರೆ. ಕನ್ನಡದಲ್ಲಿ ನಾವೆಲ್ಲ ಹಾಗೇ ಮಾತಾಡುತ್ತೇವೆ, ನಿಜ. 1799ರಲ್ಲಿ ಕೆನರಾಕ್ಕೆ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ ಕೂಡ ನಮ್ಮ ಬಾಯಲ್ಲಿ ಇಂಗ್ಲಿಷ್ ದೊರೆಯೇ, ಆತ ಹುಟ್ಟಿದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಆದರೆ ನಿಮ್ಮ ಲೇಖನದ ವಿಷಯವೇ ಈ ವ್ಯತ್ಯಾಸ ಅಲ್ವಾ? ಅದನ್ನೇ ಕಲಸಿಬಿಟ್ಟರೆ ಓದುಗರಿಗೆ ಏನು ಸಿಗುತ್ತದೆ?

1966ರ ಫುಟ್‌ಬಾಲ್ ವಿಶ್ವಕಪ್ ಫೈನಲ್‌ನಲ್ಲಿ ಲಂಡನ್ನಿನ ವೆಂಬ್ಲಿ ಸ್ಟೇಡಿಯಂ ತುಂಬಾ ಇಂಗ್ಲೆಂಡಿನ ಬಾವುಟ ಅಂತ ಬರೆದಿದ್ದೀರಿ. ಹಳೆಯ ಫೋಟೋ ನೋಡಿ. ಜನರ ಕೈಯಲ್ಲಿ ಹೆಚ್ಚಾಗಿ ಇದ್ದದ್ದು ಯೂನಿಯನ್ ಜ್ಯಾಕ್, ಅಂದರೆ ಬ್ರಿಟನ್ನಿನ ಬಾವುಟ. ಇಂಗ್ಲೆಂಡಿನದೇ ಆದ, ಬಿಳಿ ಬಟ್ಟೆಯ ಮೇಲೆ ಕೆಂಪು ಶಿಲುಬೆಯ ಸೇಂಟ್ ಜಾರ್ಜ್ ಬಾವುಟ ಗ್ಯಾಲರಿ ತುಂಬಿದ್ದು 1996ರ ಯೂರೋ ಕಪ್‌ನಲ್ಲಿ. ಅದೇ ಊರು, ಅದೇ ತಂಡ, 30 ವರ್ಷದಲ್ಲಿ ಜನ ಬಾವುಟ ಬದಲಾಯಿಸಿದ್ದಾರೆ. ಮುಂದೆ 1999ರಲ್ಲಿ ಸ್ಕಾಟ್ಲೆಂಡಿಗೆ ತನ್ನದೇ ಪಾರ್ಲಿಮೆಂಟ್ ಬಂತು, ಇಂಗ್ಲೆಂಡಿಗೆ ಇವತ್ತಿಗೂ ಬೇರೆ ಪಾರ್ಲಿಮೆಂಟ್ ಇಲ್ಲ. ಇದರ ಬಗ್ಗೆ ಎರಡು ಪ್ಯಾರಾ ಬರೆಯಬಹುದಿತ್ತು.

ಇನ್ನು ದಂತಕಥೆಯ ರಾಜ ಆರ್ಥರ್. 'ಇಂಗ್ಲಿಷರ ಮಹಾರಾಜ' ಅಂತ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಕಥೆಯಲ್ಲಿ ಆತ ಹೋರಾಡಿದ್ದು ಯಾರ ಮೇಲೆ? ಸ್ಯಾಕ್ಸನ್ನರ ಮೇಲೆ, ಅಂದರೆ ಇಂಗ್ಲಿಷರ ಪೂರ್ವಿಕರ ಮೇಲೆಯೇ! ವೇಲ್ಸಿನ ಜನ ಇವತ್ತಿಗೂ ಅವನನ್ನು ತಮ್ಮವನು ಅನ್ನುತ್ತಾರೆ. ಯಾರನ್ನು ಎದುರಿಸಿ ನಿಂತನೋ ಅವರೇ ಅವನನ್ನು ತಮ್ಮ ರಾಜನನ್ನಾಗಿ ಮಾಡಿಕೊಂಡರು. ನಿಮ್ಮ ಲೇಖನದ ಜೀವ ಇಲ್ಲಿದೆ.

ಅದನ್ನು ನೀವು ಕಣ್ಣಾರೆ ನೋಡಿಯೂ ಬಂದಿದ್ದೀರಿ. ವಿಂಚೆಸ್ಟರ್‌ನ ದೊಡ್ಡ ಹಾಲ್‌ನಲ್ಲಿ ಗೋಡೆಗೆ ತೂಗುಹಾಕಿದ, ಆರ್ಥರ್ ಮತ್ತವನ ವೀರರು ಕೂರುತ್ತಿದ್ದರು ಅಂತ ಜನ ನಂಬಿದ್ದ ದುಂಡು ಮೇಜನ್ನು ನೋಡಿ 'ಕತ್ತು ನೋಯುವಷ್ಟು ಹೊತ್ತು ನಿಂತೆ' ಅಂತ ಬರೆದಿದ್ದೀರಲ್ಲ, ಇಡೀ ಲೇಖನದಲ್ಲಿ ನನಗೆ ಅತಿ ಇಷ್ಟವಾದ ಸಾಲು ಅದು. ಸುಮಾರು 18 ಅಡಿ ಅಗಲದ ಓಕ್ ಮರದ ಮೇಜು. ಆರ್ಥರ್ ಕಾಲದ್ದಲ್ಲ, 13ನೇ ಶತಮಾನದ್ದು. ಬಣ್ಣ ಬಳಿಸಿದ್ದು ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ: ಹಸಿರು-ಬಿಳಿ ಪಟ್ಟೆ ಅವನ ಟ್ಯೂಡರ್ ಮನೆತನದ ಬಣ್ಣ, ನಡುವೆ ಕೆಂಪು-ಬಿಳಿ ಗುಲಾಬಿ ಅದೇ ಮನೆತನದ ಗುರುತು, ಅಂಚಿನ ಸುತ್ತ 24 ವೀರರ ಹೆಸರು, ಮೇಲ್ಗಡೆ ಸಿಂಹಾಸನದಲ್ಲಿ ಆರ್ಥರ್. 1522ರಲ್ಲಿ ಪವಿತ್ರ ರೋಮನ್ ಸಾಮ್ರಾಜ್ಯದ ಚಕ್ರವರ್ತಿ ಐದನೇ ಚಾರ್ಲ್ಸ್ ಬಂದಾಗ ಹೆನ್ರಿ ಅವನಿಗೆ ಈ ಮೇಜನ್ನು ತೋರಿಸಿದ. ದಂತಕಥೆಯ ರಾಜನನ್ನು ತನ್ನ ಮನೆಯ ಹಿರಿಯನ ಹಾಗೆ ಅತಿಥಿಯ ಮುಂದೆ ನಿಲ್ಲಿಸಿದ್ದು ಅದು.

ಟೀ, ಕೆಂಪು ಟೆಲಿಫೋನ್ ಬೂತ್, ಮಳೆ, ರಾಬಿನ್ ಹುಡ್, ಎಲ್ಲ ತೆಗೆಯಿರಿ. ಅವು ಸುಮ್ನೆ ಪಟ್ಟಿ ಆಗಿವೆ. ಇಂಗ್ಲೆಂಡಿನ ರಕ್ಷಕ ಸಂತ ಸೇಂಟ್ ಜಾರ್ಜ್ ಇರಲಿ. ಆತನೂ ಇಂಗ್ಲಿಷನಲ್ಲ, ಇಂಗ್ಲೆಂಡಿಗೆ ಕಾಲಿಟ್ಟವನೇ ಅಲ್ಲ, ಆರ್ಥರ್ ಪಕ್ಕ ಚೆನ್ನಾಗಿ ಕೂರುತ್ತಾನೆ.

ಇನ್ನೊಂದು, 'ರಾಷ್ಟ್ರೀಯ ಅಸ್ಮಿತೆಯ ಸಂಕೀರ್ಣ ಸಂಕಥನ' ಥರದ ಮಾತು ಜಾಸ್ತಿ ಆಗಿದೆ. ಆ ಹಾಲ್‌ನಲ್ಲಿ ನಿಂತಾಗ ನಿಮ್ಮ ತಲೆಯಲ್ಲಿ ಓಡಿದ್ದು ಈ ಪದಗಳಲ್ಲ ಅಂತ ನನಗೆ ಗೊತ್ತು. ಓಡಿದ್ದನ್ನು ಬರೆಯಿರಿ, 1200 ಪದದೊಳಗೆ. ಬಂದ ಕೂಡಲೇ ನಾನೇ ಓದುತ್ತೇನೆ.