ಇಂಗ್ಲಿಷಿನ ಕಠಿಣ ಪದಗಳ ಅರ್ಥ ನೆನಪಿನಲ್ಲಿ ಉಳಿಯುವಂತೆ ಕಲಿಯುವುದು ಹೇಗೆ?

ಪಟ್ಟಿ ಹಿಡಿದು ಬಾಯಿಪಾಠ ಮಾಡುವುದನ್ನು ಮೊದಲು ನಿಲ್ಲಿಸಿ. ಪದಗಳನ್ನು ಒಂದೊಂದಾಗಿ ಅಲ್ಲ, ಕುಟುಂಬವಾಗಿ ಕಲಿಯಿರಿ. ಇಂಗ್ಲಿಷಿನ ಕಠಿಣ ಪದಗಳಲ್ಲಿ ಬಹುಪಾಲು ಲ್ಯಾಟಿನ್ ಮತ್ತು ಗ್ರೀಕ್ ಮೂಲದವು. ಲ್ಯಾಟಿನ್ನಿನಲ್ಲಿ 'ಲೊಕ್ವಿ' ಎಂದರೆ ಮಾತನಾಡು. ಇದೊಂದು ತಿಳಿದರೆ 'ಲೊಕ್ವೇಶಿಯಸ್' ಎಂದರೆ ವಾಚಾಳಿ, 'ಎಲೊಕ್ವೆಂಟ್' ಎಂದರೆ ಮಾತಿನಲ್ಲಿ ನಿಪುಣ, 'ಸಲಿಲೊಕ್ವಿ' ಎಂದರೆ ಸ್ವಗತ ಎಂಬುದು ಒಟ್ಟಿಗೇ ಹೊಳೆಯುತ್ತದೆ. ಈ ಹೊಳೆಯುವ ಕ್ಷಣದ ಸಂತೋಷವೇ ಪದವನ್ನು ಮನಸ್ಸಿನಲ್ಲಿ ನಿಲ್ಲಿಸುತ್ತದೆ ಎಂಬುದು ನನ್ನ ದೃಢ ನಂಬಿಕೆ.

ಆದರೆ ರೂಪ ನೋಡಿ ಊಹಿಸಿ ಸುಮ್ಮನಾಗಬೇಡಿ. 'ಎನರ್ವೇಟ್' ಎಂಬುದು 'ಎನರ್ಜಿ'ಯ ನಂಟನಂತೆ ಕಾಣುತ್ತದೆ. ಅರ್ಥ ಮಾತ್ರ ತದ್ವಿರುದ್ಧ, ಶಕ್ತಿಗುಂದಿಸು ಎಂದು. ನಿಘಂಟು ತೆರೆಯಲೇಬೇಕು, ಅದರಲ್ಲೂ ಉದಾಹರಣೆ ವಾಕ್ಯಗಳಿರುವ ನಿಘಂಟು. 'ಫೇಮಸ್', 'ನಟೋರಿಯಸ್' ಎರಡಕ್ಕೂ ಹೆಸರಾದ ಎಂದಷ್ಟೇ ಬರೆದುಕೊಂಡವರು ಸಜ್ಜನರನ್ನೂ ಕುಖ್ಯಾತರನ್ನಾಗಿಸಿಬಿಡುತ್ತಾರೆ.

ಪುನರಾವರ್ತನೆಯ ವಿಚಾರ: ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಒಂದೇ ದಿನ ಹತ್ತಾರು ಬಾರಿ ಓದುವುದಕ್ಕಿಂತ ಅದೇ ಓದನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ. ಚೀಟಿಯ ಒಂದು ಬದಿ ಪದ, ಇನ್ನೊಂದು ಬದಿ ಅರ್ಥ ಬರೆದಿಡಿ. ತಿರುಗಿಸಿ ನೋಡುವ ಮೊದಲು ನೆನಪಿಸಿಕೊಳ್ಳಲು ನಿಜವಾಗಿ ಪ್ರಯತ್ನಿಸಿ. ಮರುದಿನ ಒಮ್ಮೆ, ನಾಲ್ಕು ದಿನ ಬಿಟ್ಟು ಒಮ್ಮೆ, ಎರಡು ವಾರದ ನಂತರ ಮತ್ತೊಮ್ಮೆ ಹೀಗೆ ಮಾಡಿ. ದಿನಕ್ಕೆ ಐದು ಹೊಸ ಪದ ಸಾಕು; ಪ್ರತಿಯೊಂದಕ್ಕೂ ನಿಮ್ಮದೇ ಒಂದು ವಾಕ್ಯ ಬರೆಯಿರಿ.