ಆಯಿಲ್ ರಿಗ್‌ಗೆ ಸಾಮಾನು ಒಯ್ಯುವ ಸಪ್ಲೈ ಹಡಗು ಈಗ ಎಲ್ಲಿದೆ, ಅದರ ಸಾಮರ್ಥ್ಯ ಎಷ್ಟು ಅಂತ ತಿಳಿಯುವುದು ಹೇಗೆ?

ಹೆಸರು ಹಾಕಿ ಹುಡುಕಬೇಡಿ. ಮಾಲೀಕರು ಬದಲಾದಾಗ ಹೆಸರೂ ಬದಲಾಗುತ್ತದೆ, ಒಂದೇ ಹೆಸರಿನ ನಾಲ್ಕು ಹಡಗು ಸಿಗುವುದೂ ಉಂಟು. ಹಡಗಿನ ಖಾಯಂ ಗುರುತಿನ ಸಂಖ್ಯೆಯಾದ 7 ಅಂಕಿಯ ಐಎಂಒ ನಂಬರ್ ಹಿಡಿಯಿರಿ. ಅದು ಹಡಗು ಗುಜರಿಗೆ ಹೋಗುವವರೆಗೂ ಬದಲಾಗುವುದಿಲ್ಲ. 9 ಅಂಕಿಯ ಎಂಎಂಎಸ್‌ಐ (ಹಡಗಿನ ರೇಡಿಯೋ ಗುರುತಿನ ಸಂಖ್ಯೆ) ಹಾಗಲ್ಲ, ಧ್ವಜ, ಅಂದರೆ ನೋಂದಣಿಯ ದೇಶ, ಬದಲಾದರೆ ಅದೂ ಬದಲಾಗುತ್ತದೆ.

ಆ ಐಎಂಒ ನಂಬರನ್ನು ಮರೀನ್‌ಟ್ರಾಫಿಕ್ ಅಥವಾ ವೆಸೆಲ್‌ಫೈಂಡರ್ ಎಂಬ ಹಡಗು ಟ್ರ್ಯಾಕಿಂಗ್ ಸೈಟ್‌ನಲ್ಲಿ ಹಾಕಿ. ಹಡಗು ತನ್ನ ಗುರುತು, ಜಾಗ, ವೇಗವನ್ನು ತಾನೇ ಸಾರುವ ಎಐಎಸ್ ರೇಡಿಯೋ ಸಿಗ್ನಲ್ಲೇ ಇವುಗಳಿಗೆ ಆಧಾರ. ದಡದ ಆಂಟೆನಾಗೆ ಅದು ಕೆಲವು ಹತ್ತು ಮೈಲಿಯಷ್ಟೇ ಕೇಳಿಸುತ್ತದೆ. ಅದರಾಚೆ ಉಪಗ್ರಹವೇ ಗತಿ, ಅದಕ್ಕೆ ಹೆಚ್ಚಾಗಿ ದುಡ್ಡು ಕೊಡಬೇಕು. ಹಾಗಾಗಿ ಹಡಗು ನಕ್ಷೆಯಲ್ಲಿ ಕಾಣದಿದ್ದರೆ ಸುಮ್ನೆ ಗಾಬರಿಯಾಗಬೇಡಿ. ತಲುಪುವ ಬಂದರಿನ ಹೆಸರನ್ನು ಸಿಬ್ಬಂದಿಯೇ ಟೈಪ್ ಮಾಡುತ್ತಾರೆ. ಎಷ್ಟೋ ಸಲ ಹಳೆಯದೇ ಉಳಿದಿರುತ್ತದೆ.

ಒಂದು ತಮಾಷೆ: ರಿಗ್ ಪಕ್ಕದಲ್ಲಿ ವೇಗ 0.1 ನಾಟ್, ಅಂದರೆ ನಿಂತ ಹಾಗೆಯೇ, ಆದರೂ 'ಎಂಜಿನ್‌ನಲ್ಲಿ ಚಲಿಸುತ್ತಿದೆ' ಅಂತ ತೋರಿಸಬಹುದು. ತಪ್ಪಲ್ಲ. ಲಂಗರು ಹಾಕದೆ, ಥ್ರಸ್ಟರ್‌ಗಳನ್ನು (ಹಡಗನ್ನು ತಳ್ಳುವ ಪ್ರೊಪೆಲ್ಲರ್‌ಗಳು) ಕಂಪ್ಯೂಟರ್ ನಡೆಸಿ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸುತ್ತಿರುತ್ತದೆ. ಇದನ್ನೇ ಡಿಪಿ (ಡೈನಾಮಿಕ್ ಪೊಸಿಶನಿಂಗ್) ಅನ್ನುವುದು. ಡಿಪಿ2 ದರ್ಜೆ ಇದ್ದರೆ ಒಂದು ಯಂತ್ರ ಕೈಕೊಟ್ಟರೂ ಹಡಗು ಜಾಗ ಬಿಡುವುದಿಲ್ಲ.

ಸಾಮರ್ಥ್ಯಕ್ಕೆ ಟ್ರ್ಯಾಕಿಂಗ್ ಸೈಟ್ ಸಾಲದು. ಅಲ್ಲಿ ಉದ್ದ, ಅಗಲ, ಡೆಡ್‌ವೇಟ್ (ಹಡಗು ಹೊರಬಲ್ಲ ಒಟ್ಟು ತೂಕ) ಸಿಗುತ್ತದೆ ಅಷ್ಟೆ. ಮಾಲೀಕರು ಹಾಕಿರುವ ಸ್ಪೆಸಿಫಿಕೇಶನ್ ಶೀಟ್ ಹುಡುಕಿ. ಖಾಲಿ ಡೆಕ್ಕಿನ ಚದರ ಮೀಟರ್, ಮಡ್ (ಬಾವಿ ಕೊರೆಯಲು ಬಳಸುವ ದ್ರವ), ಸಿಮೆಂಟ್, ಇಂಧನ, ನೀರಿನ ಟ್ಯಾಂಕ್‌ಗಳ ಅಳತೆ ಇರುವುದು ಅದರಲ್ಲೇ. ರಿಗ್‌ನ ಲಂಗರು ಎಳೆಯುವ ಹಡಗಾದರೆ ಬೊಲಾರ್ಡ್ ಪುಲ್, ಅಂದರೆ ಎಳೆಯುವ ಬಲ, ಎಷ್ಟು ಟನ್ ಅಂತ ಮೊದಲು ನೋಡಿ.