ಸೆಟ್‌ಟಾಪ್ ಬಾಕ್ಸ್‌ನಲ್ಲಿ ರೆಕಾರ್ಡ್ ಮಾಡಿದ ಕಾರ್ಯಕ್ರಮವನ್ನು ಕಂಪ್ಯೂಟರ್‌ಗೆ ಹಾಕಿಕೊಳ್ಳುವುದು ಹೇಗೆ?

ಮೊದಲು ಬಾಕ್ಸ್ ಯಾವುದು ನೋಡಿ. ಡಿಡಿ ಫ್ರೀ ಡಿಶ್‌ನ ಸಾದಾ ಬಾಕ್ಸ್ ಆದರೆ ಸುಲಭ. ಪೆನ್‌ಡ್ರೈವ್‌ಗೆ ರೆಕಾರ್ಡ್ ಆದದ್ದು ಸಾಮಾನ್ಯವಾಗಿ ಟಿಎಸ್ ಎಂಬ ಬಗೆಯ ವಿಡಿಯೋ ಫೈಲ್ ಆಗಿರುತ್ತದೆ, ಕಾಪಿ ಮಾಡಿ ವಿಎಲ್‌ಸಿ ಎಂಬ ಉಚಿತ ಪ್ಲೇಯರ್‌ನಲ್ಲಿ ನೋಡಬಹುದು. ಎರಡು ಮೂರು ತುಂಡಾಗಿದ್ದರೆ ಗಾಬರಿ ಬೇಡ, ಫ್ಯಾಟ್32 ಎಂಬ ಬಗೆಯಲ್ಲಿ ಫಾರ್ಮ್ಯಾಟ್ ಆದ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ.

ತಿಂಗಳು ತಿಂಗಳು ದುಡ್ಡು ಕಟ್ಟುವ ಡಿಟಿಎಚ್ ಬಾಕ್ಸ್ ಆದರೆ ಕಷ್ಟ. ಅದರ ರೆಕಾರ್ಡಿಂಗ್‌ಗೆ ಸಾಮಾನ್ಯವಾಗಿ ಬೀಗ ಹಾಕಿರುತ್ತಾರೆ, ಆ ಬಾಕ್ಸ್ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಆ ಪೆನ್‌ಡ್ರೈವ್ ಕಂಪ್ಯೂಟರ್‌ಗೆ ಚುಚ್ಚಿದಾಗ ವಿಂಡೋಸ್ ಫಾರ್ಮ್ಯಾಟ್ ಮಾಡಲಾ ಅಂತ ಕೇಳಿದರೆ ದಯವಿಟ್ಟು ಹೂಂ ಅನ್ನಬೇಡಿ, ನಮ್ಮ ಅಕ್ಕನ ಮಗಳು ಚಂದನದಲ್ಲಿ ಹಾಡಿದ್ದು ಹಾಗೇ ಅಳಿಸಿಹೋಯಿತು, ಇನ್ನೂ ಹೊಟ್ಟೆ ಉರಿಯುತ್ತದೆ. ಇದಕ್ಕಿರುವ ದಾರಿ ಅಂದರೆ ಬಾಕ್ಸಿನ ಕೆಂಪು, ಬಿಳಿ, ಹಳದಿ ಪಿನ್ನಿನ ವೈರನ್ನು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್‌ಗೆ (ಟಿವಿ ಚಿತ್ರವನ್ನು ಕಂಪ್ಯೂಟರ್‌ಗೆ ತರುವ ಪುಟ್ಟ ಸಾಧನ) ಸಿಕ್ಕಿಸಿ, ಕಾರ್ಯಕ್ರಮ ಓಡಿಸುತ್ತಾ ಒಬಿಎಸ್ ಎಂಬ ಉಚಿತ ರೆಕಾರ್ಡಿಂಗ್ ತಂತ್ರಾಂಶದಲ್ಲಿ ಹಿಡಿದಿಡುವುದು. ಗಂಟೆಯ ಕಾರ್ಯಕ್ರಮಕ್ಕೆ ಗಂಟೆಯೇ ಬೇಕು.